ಪಟೇಲ: ಹುದ್ದೆ ಹೋಗಿ ಉಳಿದ ಅಡ್ಡಹೆಸರು

ಪಟೇಲ: ಊರಿನ ಮುಖ್ಯಸ್ಥನ ವಂಶಪಾರಂಪರ್ಯ ಹುದ್ದೆಗೆ ಇದ್ದ ಹೆಸರು, ಆ ಹುದ್ದೆ ನಡೆಸಿದ ಮನೆತನಗಳ ಅಡ್ಡಹೆಸರು. ಬರಹದಲ್ಲಿ ಪಟೇಲ, ಪಟೇಲ್ ಎರಡೂ ರೂಪಗಳಿವೆ. ಊರವರ ಬಾಯಲ್ಲಿ ಮಾತ್ರ ಅದು ಯಾವಾಗಲೂ ಬಹುವಚನವೇ: ಪಟೇಲ್ರು, ಪಟೇಲ್ರ ಮನೆ, ಪಟೇಲ್ರ ತೋಟ. ಉತ್ತರ ಕರ್ನಾಟಕದ ಪಾಟೀಲ ಇದರ ಒಡಹುಟ್ಟು. ಹುದ್ದೆಯನ್ನು ಕರ್ನಾಟಕದಲ್ಲಿ 1960ರ ದಶಕದಲ್ಲಿ ಕಾನೂನು ತೆಗೆದುಹಾಕಿತು. ಹೆಸರು ಮತದಾರರ ಪಟ್ಟಿಯಲ್ಲಿ, ಅಂಗಡಿ ಬೋರ್ಡಿನಲ್ಲಿ, ಮದುವೆ ಕರೆಯೋಲೆಯಲ್ಲಿ ಆರಾಮಾಗಿ ಕೂತಿದೆ.

ಈ ಹೆಸರಿನ ನಡೆಯನ್ನು ಗಮನಿಸಲು ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಷ್ಟು ಅನುಕೂಲದ ಸೀಮೆ ಬೇರೆ ಸಿಗುವುದು ಕಷ್ಟ. ಇವು ಹಳೆಯ ಮೈಸೂರು ಸಂಸ್ಥಾನದ ಉತ್ತರದ ಅಂಚು. ಹೊನ್ನಾಳಿಯಿಂದ ತುಂಗಭದ್ರೆಯ ಗುಂಟ ಕೆಳಗಿಳಿದರೆ ರಾಣೆಬೆನ್ನೂರು, ಹಿರೇಕೆರೂರು ಸೀಮೆ. ಅದು 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಜಗಳೂರಿನ ಪಕ್ಕದ ಕೂಡ್ಲಿಗಿ 1953ರವರೆಗೆ ಮದ್ರಾಸಿನದು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯ ಸವಳಂಗದಲ್ಲಿ ಬಸ್ಸಿಗೆ ಕಾದು ನಿಂತವರಲ್ಲಿ ಒಬ್ಬರ ಹೆಸರಿನ ಮುಂದೆ ಎರಡು ಇನಿಷಿಯಲ್, ಇನ್ನೊಬ್ಬರ ಹೆಸರಿನ ಕೊನೆಗೆ ಪಾಟೀಲ, ಮತ್ತೊಬ್ಬರದಕ್ಕೆ ನಾಯ್ಕ ಅಂಟಿಕೊಂಡಿರುವುದು ಈ ಹಳೆಯ ಗಡಿಗಳ ಫಲ. ರಾಜ್ಯದ ನಕ್ಷೆಯಿಂದ ಆ ಗೆರೆಗಳು ಅಳಿಸಿಹೋಗಿವೆ, ಹಾಜರಿ ಪುಸ್ತಕದಿಂದ ಅಳಿಸಿಲ್ಲ.

ಪದದ ಮೂಲ

ಪಟೇಲ, ಪಾಟೀಲ ಎರಡಕ್ಕೂ ವಿದ್ವಾಂಸರು ತೋರಿಸುವ ಬೇರು ‘ಪಟ್ಟಕಿಲ’. ‘ಪಟ್ಟ’ ಎಂದರೆ ಬಟ್ಟೆಯ ಅಥವಾ ಲೋಹದ ಪಟ್ಟಿ, ಅದರ ಮೇಲೆ ಬರೆದ ಶಾಸನ, ಆ ಶಾಸನದಿಂದ ಸಿಕ್ಕ ಹಕ್ಕು. ನಾವು ಇಂದಿಗೂ ಜಮೀನಿಗೆ ‘ಪಟ್ಟಾ’ ಎನ್ನುತ್ತೇವಲ್ಲ, ಅದೇ ಇದು. ಮಾಳವದ ಪರಮಾರ ಅರಸರ ತಾಮ್ರಪಟಗಳಲ್ಲಿ ದಾನದ ಸುದ್ದಿಯನ್ನು ತಿಳಿಸಬೇಕಾದ ಊರವರ ಸಾಲಿನಲ್ಲಿ ಪಟ್ಟಕಿಲನ ಹೆಸರೂ ಬರುತ್ತದೆ. ಆ ಪದ ಮರಾಠಿಯಲ್ಲಿ ಪಾಟೀಲ ಆಯಿತು, ಗುಜರಾತಿಯಲ್ಲಿ ಪಟೇಲ ಆಯಿತು.

ಕನ್ನಡಕ್ಕೆ ಇದು ತಡವಾಗಿ ಬಂದ ನಂಟ. ಊರ ಮುಖ್ಯಸ್ಥನಿಗೆ ಕನ್ನಡದ ಸ್ವಂತ ಮಾತು ಗೌಡ. ಹಳೆಯ ಶಾಸನಗಳ ಗಾಮುಂಡ, ಗಾವುಂಡ ಸವೆಯುತ್ತ ಸವೆಯುತ್ತ ಗವುಡ, ಗೌಡ ಆಯಿತು. ಬೆಳಗುತ್ತಿಯ ಸಿಂದರ ಕಾಲದ ಕಲ್ಲುಗಳಿರುವ ಹೊನ್ನಾಳಿ ಸೀಮೆ, ಅದರ ಪಕ್ಕದ ಶಿಕಾರಿಪುರ ಸೀಮೆ, ಇವೆರಡರಲ್ಲೂ ಗಾವುಂಡನಿಲ್ಲದ ಶಾಸನ ಹುಡುಕುವುದೇ ಕಷ್ಟ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳದ್ದೇ. ಅದರಲ್ಲಿ ಊರಿಗೊಬ್ಬ ಊರಗಾವುಂಡ, ನಾಡಿಗೊಬ್ಬ ನಾಳ್ಗಾವುಂಡ, ಹಿರಿಯನಾದವನು ಪೆರ್ಗಾವುಂಡ. ಕೆರೆ ಕಟ್ಟಿಸಿದವನು ಅವನೇ, ತುರು ಕದ್ದವರ ಬೆನ್ನಟ್ಟಿ ಸತ್ತು ವೀರಗಲ್ಲಾದವನೂ ಎಷ್ಟೋ ಸಲ ಅವನೇ.

ಗಂಡಸರಿಗಷ್ಟೇ ಮೀಸಲಾದ ಹುದ್ದೆ ಎಂದು ತಿಳಿದವರಿಗೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಜಕ್ಕಿಯಬ್ಬೆಯ ಹೆಸರು ಹೇಳಬೇಕು. ಹತ್ತನೆಯ ಶತಮಾನದ ಮೊದಲ ಭಾಗ, ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಅಧಿಕಾರ ಈಕೆಗೆ ಬಂತು. ಜೈನಧರ್ಮದಲ್ಲಿ ನಂಬಿಕೆಯಿಟ್ಟ ಈಕೆ ದಕ್ಷವಾಗಿ ಆಡಳಿತ ನಡೆಸಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತದಿಂದ ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ದಾಟಿದ ಗಾವುಂಡಿಕೆ ಇದು. ಬ್ರಿಟಿಷರ ಕಾಲದ ಪಟೇಲಿಕೆಯ ಹಕ್ಕುಪತ್ರಗಳಲ್ಲಿ ಹಿರಿಯ ಮಗನನ್ನು ಬಿಟ್ಟು ಬೇರೆಯವರ ಹೆಸರು ಕಾಣುವುದು ಅಪರೂಪ ಎಂಬುದನ್ನು ನೆನೆದರೆ ಜಕ್ಕಿಯಬ್ಬೆಯ ಕಲ್ಲಿಗೆ ಇನ್ನೊಂದು ತೂಕ ಬರುತ್ತದೆ.

ಗೌಡನಿದ್ದಲ್ಲಿಗೆ ಪಟೇಲ ಹೇಗೆ ಬಂದ? ಬಿಜಾಪುರದ ಆದಿಲ್‌ಶಾಹಿ, ಮರಾಠರು, ಸಿರಾದ ಮೊಗಲ್ ಸುಬಾ, ಕೊನೆಗೆ ಹೈದರ್–ಟಿಪ್ಪು, ಹೀಗೆ ಕಂದಾಯದ ಲೆಕ್ಕವನ್ನು ಮರಾಠಿ–ಪಾರ್ಸಿಗಳಲ್ಲಿ ಬರೆದ ಆಡಳಿತಗಳು ಈ ಸೀಮೆಯ ಮೇಲೆ ಒಂದರ ಹಿಂದೊಂದು ಹಾದುಹೋದವು. ಶಿವಾಜಿಯ ತಂದೆ ಷಹಾಜಿ ಭೋಂಸಲೆ 1664ರಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಚನ್ನಗಿರಿ ಪಕ್ಕದ ಹೊದಿಗೆರೆಯಲ್ಲಿ. ಅವನ ಸಮಾಧಿ ಅಲ್ಲೇ ಇದೆ. ಜಮೀನು, ಶಾನುಭೋಗರ ಖಿರ್ದಿ, ಕಸಬಾ, ತಾಲ್ಲೂಕಿನ ಅಮಲ್ದಾರ, ಈ ಮಾತುಗಳು ಬಂದ ದಾರಿಯಲ್ಲೇ ಪಟೇಲನೂ ಬಂದ. 1810ರಲ್ಲಿ ದಕ್ಷಿಣ ಭಾರತದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹನ್ನೆರಡು ಆಯಗಾರರ ಪಟ್ಟಿ ಕೊಡುವಾಗ ಮೊದಲನೆಯವನಿಗೆ ಗೌಡ, ಪಟೇಲ, ಮುಕದ್ದಮ ಎಂಬ ಹೆಸರುಗಳನ್ನು ಒಟ್ಟಿಗೇ ಜೋಡಿಸಿದ್ದಾನೆ. ಆ ಹೊತ್ತಿಗಾಗಲೇ ಅವು ಒಂದೇ ಕುರ್ಚಿಯ ಮೂರು ಹೆಸರುಗಳು. ಮೈಸೂರು ಸರ್ಕಾರ ತನ್ನ ಕಾಗದಪತ್ರಗಳಿಗೆ ಪಟೇಲ ಎಂಬುದನ್ನು ಆರಿಸಿಕೊಂಡಿತು. ಜನ ಗೌಡನನ್ನು ಬಿಡಲಿಲ್ಲ.

ಏನು ಮಾಡುತ್ತಿದ್ದ ಪಟೇಲ?

ಕಂದಾಯ ಎತ್ತಿ ತಾಲ್ಲೂಕು ಖಜಾನೆಗೆ ಮುಟ್ಟಿಸುವುದು ಮೊದಲ ಕೆಲಸ. ಕಳ್ಳತನ, ಹೊಡೆದಾಟ, ಅಸಹಜ ಸಾವು ಆದರೆ ಪೊಲೀಸರಿಗೆ ತಿಳಿಸುವುದು, ಜನನ–ಮರಣ ಬರೆಸುವುದು, ತುಡುಗು ದನವನ್ನು ದೊಡ್ಡಿಗೆ ಹಾಕಿಸುವುದು, ಸರ್ಕಾರಿ ಮಂದಿ ಊರಿಗೆ ಬಂದರೆ ಬಿಡಾರ ಮಾಡಿಸುವುದು ಉಳಿದವು. ಲೆಕ್ಕ ಬರೆಯುವವರು ಶಾನುಭೋಗರು. ಪಟೇಲ ಓದು ಬರಹ ಬಾರದವನಾದರೂ ನಡೆಯುತ್ತಿತ್ತು, ಆದರೆ ಶಾನುಭೋಗರ ಮೇಲೆ ಅವನಿಗೆ ಒಂದು ಕಣ್ಣು ಇರಲೇಬೇಕಿತ್ತು. ಇವರಿಬ್ಬರ ನಡುವಿನ ಸ್ನೇಹವೋ ಮುನಿಸೋ ಎಷ್ಟೋ ಹಳ್ಳಿಗಳ ಐವತ್ತು ವರ್ಷದ ಚರಿತ್ರೆಯನ್ನು ನಿರ್ಧರಿಸಿದೆ. ಕೆಳಗೆ ತಳವಾರ, ತೋಟಿ, ನೀರಗಂಟಿ. ಸೂಳೆಕೆರೆಯಂಥ ದೊಡ್ಡ ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆಯಿದ್ದವರು ಪಟೇಲನಿಗಿಂತ ನೀರಗಂಟಿಯನ್ನೇ ಹೆಚ್ಚು ಓಲೈಸುತ್ತಿದ್ದರೆಂದರೆ ಆಶ್ಚರ್ಯವಿಲ್ಲ.

ಸಂಬಳವೆಂದು ಕೈಗೆ ಬರುತ್ತಿದ್ದುದು ಪೊಟಗಿ, ಅಂದರೆ ವಸೂಲಾದ ಕಂದಾಯದ ಮೇಲೆ ಇಂತಿಷ್ಟು. ಅದಕ್ಕಿಂತ ದೊಡ್ಡದು ಇನಾಂ ಜಮೀನು. ಅದಕ್ಕಿಂತಲೂ ದೊಡ್ಡದು ಮರ್ಯಾದೆ: ಜಾತ್ರೆಯಲ್ಲಿ ಮೊದಲ ತಾಂಬೂಲ, ಮಾರಿಹಬ್ಬದಲ್ಲಿ ಮೊದಲ ಪೂಜೆ, ಪಂಚಾಯ್ತಿ ಕಟ್ಟೆಯ ಮೇಲೆ ನಡುವಿನ ಜಾಗ. ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಪೊಟಗಿಗಾಗಿ ಅಲ್ಲ, ಈ ತಾಂಬೂಲಕ್ಕಾಗಿ. ಹುದ್ದೆ ರದ್ದಾದ ಮೇಲೂ ಎಷ್ಟೋ ಊರುಗಳಲ್ಲಿ ತೇರಿನ ದಿನ ಪಟೇಲರ ಮನೆಯಿಂದ ಯಾರಾದರೂ ಬಂದು ನಿಲ್ಲದೆ ಹಗ್ಗಕ್ಕೆ ಕೈ ಹಾಕುವುದಿಲ್ಲ.

ಪಟೇಲ ಯಾವಾಗಲೂ ಸರ್ಕಾರದ ಕಡೆಯವನು ಎಂದು ತಿಳಿಯಬಾರದು. 1830–31ರ ನಗರ ದಂಗೆಯಲ್ಲಿ ಕಂದಾಯದ ಕಾಟ ತಾಳದ ರೈತರು ಕೂಟ ಸೇರಿದ ಜಾಗಗಳಲ್ಲಿ ಚನ್ನಗಿರಿ ಸೀಮೆಯ ಬಸವಾಪಟ್ಟಣವೂ ಒಂದು. ಹೊನ್ನಾಳಿ ಕೋಟೆಗೂ ಆ ದಂಗೆ ಮುಟ್ಟಿತು. ಊರೂರಿನ ರೈತರನ್ನು ಒಂದು ಕಡೆ ಸೇರಿಸುವ ಶಕ್ತಿ ಆಗ ಊರ ಮುಖ್ಯಸ್ಥರಿಗಲ್ಲದೆ ಬೇರೆಯವರಿಗೆ ಇರಲಿಲ್ಲ. ದಂಗೆ ಅಡಗಿದ ಮೇಲೆ 1831ರಲ್ಲಿ ಮೈಸೂರಿನ ಆಡಳಿತ ಮುಮ್ಮಡಿ ಕೃಷ್ಣರಾಜರ ಕೈಯಿಂದ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಗಿ 1881ರವರೆಗೆ ಅಲ್ಲೇ ಉಳಿಯಿತು.

ಹುದ್ದೆ ಹೆಸರಾದ ಬಗೆ

ಹುದ್ದೆಯಿಂದ ಅಡ್ಡಹೆಸರು ಹುಟ್ಟುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಫ್ರಾನ್ಸಿನಲ್ಲಿ ‘ಲಮೇರ್’ ಎಂಬ ಮನೆತನಗಳಿವೆ. ‘ಮೇರ್’ ಎಂದರೆ ಊರ ಮುಖ್ಯಸ್ಥ, ಹೆಚ್ಚು ಕಡಿಮೆ ನಮ್ಮ ಪಟೇಲನೇ. ‘ಪ್ರೆವೋ’ ಎಂಬುದು ಅರಸನ ಪರವಾಗಿ ಸ್ಥಳೀಯ ಆಡಳಿತ ನೋಡುತ್ತಿದ್ದವನ ಹೆಸರು. ‘ಲಫೆವ್ರ್’ ನಮ್ಮ ಕಮ್ಮಾರ. ಅಲ್ಲಿ ಇವನ್ನು ಗಟ್ಟಿಮಾಡಿದ್ದು ಸರ್ಕಾರದ ಕಾಗದ. 1539ರಲ್ಲಿ ಒಂದನೆಯ ಫ್ರಾನ್ಸ್ವಾ ವಿಲ್ಲೆರ್–ಕೊತ್ರೆಯಲ್ಲಿ ಹೊರಡಿಸಿದ ಆಜ್ಞೆಯಂತೆ ಚರ್ಚುಗಳಲ್ಲಿ ಮಕ್ಕಳ ಜ್ಞಾನಸ್ನಾನದ ದಾಖಲೆ ಇಡುವುದು ಕಡ್ಡಾಯವಾಯಿತು. 1794ರ ಕ್ರಾಂತಿಕಾಲದ ಕಾನೂನು, ಜನನಪತ್ರದಲ್ಲಿರುವುದನ್ನು ಬಿಟ್ಟು ಬೇರೆ ಹೆಸರನ್ನು ಯಾರೂ ಇಟ್ಟುಕೊಳ್ಳಕೂಡದು ಎಂದಿತು. ಅಷ್ಟಾದ ಮೇಲೆ ಕಮ್ಮಾರಿಕೆ ಬಿಟ್ಟು ವಕೀಲನಾದವನೂ ಲಫೆವ್ರ್ ಆಗಿಯೇ ಉಳಿಯಬೇಕಾಯಿತು. ಅಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರು ಮಾತ್ರ ಹುದ್ದೆಯದಲ್ಲ, ಕಸುಬಿನದಲ್ಲ, ಸಂತ ಮಾರ್ಟಿನನದು.

ಮೈಸೂರು ಸೀಮೆಗೆ ಅಂಥ ಒತ್ತಾಯ ಇರಲಿಲ್ಲ. ಇಲ್ಲಿನ ಕಟ್ಟು ಬೇರೆ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತನ್ನ ಹೆಸರು, ಮೊದಲೆರಡು ಒಂದೊಂದೇ ಅಕ್ಷರವಾಗಿ ಕುಗ್ಗುತ್ತವೆ. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ ಕೆ.ವಿ. ಪುಟ್ಟಪ್ಪ ಆದದ್ದು, ದೇವನಹಳ್ಳಿಯ ವೆಂಕಟರಮಣಯ್ಯನವರ ಮಗ ಗುಂಡಪ್ಪ ಡಿ.ವಿ.ಜಿ. ಆದದ್ದು ಹೀಗೆ. ಚನ್ನಗಿರಿಯ ಶಾಸಕರಾಗಿದ್ದ ವಡ್ನಾಳ್ ರಾಜಣ್ಣನವರಂತೆ ಊರಿನ ಹೆಸರನ್ನು ಕುಗ್ಗಿಸದೆ ಮುಂದಿಟ್ಟುಕೊಂಡವರೂ ಉಂಟು. ಈ ಕಟ್ಟಿನಲ್ಲಿ ಮನೆತನದ ಹೆಸರಿಗೆ ಜಾಗವೇ ಇಲ್ಲ; ಮೊಮ್ಮಗನ ಹೊತ್ತಿಗೆ ಅಜ್ಜನ ಹೆಸರು ಪೂರ್ತಿ ಮಾಯ.

ಜಮೀನಿನ ಪಹಣಿಯನ್ನು ಕೈಗೆ ತೆಗೆದುಕೊಂಡರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಳೆಯ ಮೈಸೂರಿನ ಯಾವ ಊರಿನ ಪಹಣಿಯಲ್ಲಾದರೂ ಖಾತೆದಾರನ ಹೆಸರು ಬರೆಯುವ ರೀತಿ ‘ಬಸಪ್ಪ ಬಿನ್ ಸಿದ್ದಪ್ಪ’. ಹೆಂಗಸಾದರೆ ‘ಗಂಗಮ್ಮ ಕೋಂ ಬಸಪ್ಪ’. ‘ಬಿನ್’ ಅರಬ್ಬಿಯಿಂದ ಬಂದದ್ದು, ಮಗ ಎಂದರ್ಥ. ‘ಕೋಂ’ ಎಂದರೆ ಹೆಂಡತಿ. ಇಷ್ಟರಲ್ಲೇ ಮೂರು ತಲೆಮಾರಿನ ಆಸ್ತಿ ಹಂಚಿಹೋಗುತ್ತದೆ. ಊರಲ್ಲಿ ನಾಲ್ಕು ಜನ ಬಸಪ್ಪ, ಅವರಲ್ಲಿ ಇಬ್ಬರ ಅಪ್ಪಂದಿರೂ ಸಿದ್ದಪ್ಪ ಆಗಿಬಿಟ್ಟರೆ ಆಗ ಬೇಕಾಗುತ್ತದೆ ಇನ್ನೊಂದು ಗುರುತು: ಪಟೇಲರ ಬಸಪ್ಪ, ಶಾನುಭೋಗರ ಮನೆ ಪಕ್ಕದ ಬಸಪ್ಪ, ಕೆರೆಕೋಡಿ ಬಸಪ್ಪ. ನೂರಾರು ವರ್ಷ ಅಡ್ಡಹೆಸರು ಹೀಗೆ ಬಾಯಲ್ಲಿ ಓಡಾಡಿಕೊಂಡಿತ್ತು, ಕಾಗದಕ್ಕೆ ಏರಲಿಲ್ಲ.

ಕಾಗದಕ್ಕೆ ಏರಿದ ಪಟೇಲರಲ್ಲಿ ನಾಡಿಗೆಲ್ಲ ಗೊತ್ತಾದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಜಯದೇವಪ್ಪ ಹಾಲಪ್ಪ ಪಟೇಲ, ಜೆ.ಎಚ್. ಪಟೇಲ್, ಹುಟ್ಟಿದ್ದು 1930ರ ಅಕ್ಟೋಬರ್ 1ರಂದು. ಈ ಹೆಸರನ್ನು ಸ್ವಲ್ಪ ಬಿಚ್ಚಿ ನೋಡಬೇಕು. ‘ಜೆ’ ಅವರ ಸ್ವಂತ ಹೆಸರು, ‘ಎಚ್’ ತಂದೆ ಹಾಲಪ್ಪನವರದು, ಕೊನೆಗೆ ಮನೆತನದ ಹುದ್ದೆ. ಅಂದರೆ ಇದು ಮೈಸೂರಿನ ಕಟ್ಟಲ್ಲ, ನದಿಯಾಚೆಯ ಮುಂಬಯಿ ಕಟ್ಟು: ತಾನು, ಅಪ್ಪ, ಅಡ್ಡಹೆಸರು. ಮೈಸೂರಿನ ಕಟ್ಟಿನಲ್ಲಿ ಇವರು ಕೆ.ಎಚ್. ಜಯದೇವಪ್ಪ ಆಗಬೇಕಿತ್ತು, ಹಾಗೆ ಆಗಿದ್ದರೆ ನಾಡು ಅವರನ್ನು ಏನೆಂದು ಕರೆಯುತ್ತಿತ್ತೋ! ಅವರ ಮಗ ರಾಜಕಾರಣಕ್ಕೆ ಬಂದಾಗ ಮಹಿಮ ಜೆ. ಪಟೇಲ್ ಆದರು. ಅಪ್ಪನ ‘ಜೆ’ ನಡುವಿಗೆ ಜರುಗಿತು, ಅಜ್ಜ ಹಾಲಪ್ಪನವರ ‘ಎಚ್’ ಕಳಚಿತು, ಪಟೇಲ್ ಮಾತ್ರ ಇದ್ದಲ್ಲೇ ಇದೆ. ಹುದ್ದೆಯನ್ನೇ ಕಾನೂನು ಕಿತ್ತುಹಾಕಿದ ಮೇಲೂ ಹೆಸರು ಮುಂದಿನ ತಲೆಮಾರಿಗೆ ಇಳಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಅಡ್ಡಹೆಸರು ಹುಟ್ಟುವುದು ಇಂಥ ಗಳಿಗೆಯಲ್ಲೇ. ಹುದ್ದೆ ಇರುವವರೆಗೆ ಅದು ಬಿರುದು. ಹುದ್ದೆ ಇಲ್ಲದ ಮಗನೂ ಅದನ್ನು ಬರೆದುಕೊಂಡ ದಿನ ಅದು ಅಡ್ಡಹೆಸರು.

ಪಟೇಲರು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಒಡನಾಡಿ. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡವರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ನೀಲಂ ಸಂಜೀವ ರೆಡ್ಡಿ. ತೆಲುಗಿನಲ್ಲಿ ರೆಡ್ಡಿ ಎಂದರೂ ಊರ ಮುಖ್ಯಸ್ಥನೇ! ಅದೇ ಲೋಕಸಭೆಯಲ್ಲಿ ಚಿತ್ರದುರ್ಗವನ್ನು ಪ್ರತಿನಿಧಿಸಿದವರು ಜಗಳೂರಿನ ಜೆ. ಮೊಹಮ್ಮದ್ ಇಮಾಂ. ಇಂದು ಒಂದೇ ಜಿಲ್ಲೆಗೆ ಸೇರಿದ ಎರಡು ತಾಲ್ಲೂಕುಗಳಿಂದ ಹೋದ ಇಬ್ಬರ ಹೆಸರೂ ‘ಜೆ’ಯಿಂದಲೇ ಶುರು. ಒಂದು ‘ಜೆ’ ಊರಿನದು, ಇನ್ನೊಂದು ಆಸಾಮಿಯದೇ. ದೆಹಲಿಯ ಗುಮಾಸ್ತರಿಗೆ ಈ ವ್ಯತ್ಯಾಸ ತಿಳಿದಿರಲಾರದು.

1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೊರಟಾಗ ಮುಖ್ಯಮಂತ್ರಿ ಕುರ್ಚಿ ಬಂದದ್ದು ಪಟೇಲರಿಗೆ. ಗೌಡರು ಬಿಟ್ಟದ್ದನ್ನು ಪಟೇಲರು ಹಿಡಿದರು. ನಿಘಂಟಿನ ಲೆಕ್ಕದಲ್ಲಿ ಕುರ್ಚಿ ಕೈ ಬದಲಾಯಿಸಲೇ ಇಲ್ಲ. ಅವರಿಗಿಂತ ಮುಂಚೆ ಎರಡು ಅವಧಿಗೆ (1968–71, 1989–90) ಮುಖ್ಯಮಂತ್ರಿಯಾಗಿದ್ದವರು ಕಲಬುರಗಿ ಸೀಮೆಯ ವೀರೇಂದ್ರ ಪಾಟೀಲ. ಪಟ್ಟಕಿಲನ ಎರಡೂ ರೂಪಗಳು ವಿಧಾನಸೌಧದ ಮೂರನೆಯ ಮಹಡಿ ಹತ್ತಿದವು. ಪಟೇಲರ ಕಾಲದಲ್ಲೇ, 1997ರಲ್ಲಿ, ಏಳು ಹೊಸ ಜಿಲ್ಲೆಗಳಾದವು. ಅವುಗಳಲ್ಲಿ ದಾವಣಗೆರೆ ಒಂದು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಬಿಟ್ಟು, ಜಗಳೂರು ಚಿತ್ರದುರ್ಗ ಬಿಟ್ಟು ಅದಕ್ಕೆ ಸೇರಿದವು. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿ ತಾಲ್ಲೂಕಾದದ್ದು ಅದಕ್ಕೂ ಎರಡು ದಶಕ ತಡವಾಗಿ. ಪಟೇಲರು 2000ದ ಡಿಸೆಂಬರಿನಲ್ಲಿ ತೀರಿಕೊಂಡರು.

ಎಲ್ಲಿ, ಎಷ್ಟು, ಯಾರಲ್ಲಿ

ತುಂಗಭದ್ರೆ ದಾಟಿದ ಕೂಡಲೇ ಪಟೇಲ ಹೋಗಿ ಪಾಟೀಲ ಶುರುವಾಗುತ್ತದೆ. ಮುಂಬಯಿ ಆಡಳಿತದ ಶಾಲೆಗಳು ಹುಡುಗರ ಹೆಸರು ಬರೆಸಿಕೊಳ್ಳುವಾಗ ಅಡ್ಡಹೆಸರನ್ನು ಕೇಳುತ್ತಿದ್ದವು. ಇದ್ದವರು ಹೇಳಿದರು, ಇಲ್ಲದವರು ಮನೆಯ ಹುದ್ದೆಯನ್ನೋ ಕಸುಬನ್ನೋ ಹೊಲದ ಬೆಳೆಯನ್ನೋ ಬರೆಸಿದರು. ಕುಲಕರ್ಣಿ, ದೇಸಾಯಿ, ನಾಡಗೌಡ, ಹಿರೇಮಠ, ಬಡಿಗೇರ, ಅಂಗಡಿಯಿಂದ ಹಿಡಿದು ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿಯವರೆಗೆ ಸಂತೆಗೆ ಸಂತೆಯೇ ಹಾಜರಿ ಪುಸ್ತಕದಲ್ಲಿದೆ. ಇವುಗಳ ನಡುವೆ ಪಾಟೀಲರು ಊರೂರಿಗೂ. ಹಾವೇರಿ ಜಿಲ್ಲೆಯ ಕುರಬಗೊಂಡದಲ್ಲಿ ಹುಟ್ಟಿದ ಪತ್ರಕರ್ತ ಪಾಟೀಲ ಪುಟ್ಟಪ್ಪ ಅಡ್ಡಹೆಸರನ್ನು ಮುಂದಕ್ಕೆ ತಂದು ‘ಪಾಪು’ ಆದರು. ಅದೇ ಜಿಲ್ಲೆಯ ಹತ್ತಿಮತ್ತೂರಿನ ಕವಿ ಚಂದ್ರಶೇಖರ ಪಾಟೀಲರು ಹಿಂದೆಯೇ ಬಿಟ್ಟು ‘ಚಂಪಾ’ ಆದರು.

ಉತ್ತರದ ಪಾಟೀಲರನ್ನು ಊರಲ್ಲಿ ಪಾಟೀಲ್ರೇ ಎಂದು ಯಾರೂ ಕೂಗುವುದಿಲ್ಲ. ‘ಗೌಡ್ರ, ಬರ್ರಿ’ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳ ಸ್ವಂತ ಹೆಸರೇ ಗೌಡದಿಂದ ಮುಗಿದು, ಅದರ ಮೇಲೆ ಪಾಟೀಲ ಬಂದು ಕೂರುತ್ತದೆ: ಬಸನಗೌಡ ಪಾಟೀಲ, ಸಂಗನಗೌಡ ಪಾಟೀಲ. ಒಂದೇ ಹುದ್ದೆ, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ನಿಜಾಮನ ಸೀಮೆಯಲ್ಲಿ ಕಂದಾಯದ ಕೆಲಸಕ್ಕೆ ಮಾಲಿ ಪಾಟೀಲ, ಕಾವಲಿಗೆ ಪೊಲೀಸ್ ಪಾಟೀಲ ಎಂದು ಇಬ್ಬರಿರುತ್ತಿದ್ದರು. ಅವೂ ಅಡ್ಡಹೆಸರಾಗಿ ಇಂದಿಗೂ ಇವೆ, ಪೊಲೀಸ್ ಇಲಾಖೆಗೂ ಮನೆಗೂ ಏನೂ ಸಂಬಂಧವಿಲ್ಲದವರಲ್ಲಿ.

ಹೊನ್ನಾಳಿ ಕಡೆ ಗೌಡ ಹೆಸರಿನೊಳಗೇ ಬೆರೆತುಬಿಟ್ಟಿದ್ದಾನೆ. ಅಲ್ಲಿನ ಶಾಸಕ ಡಿ.ಜಿ. ಶಾಂತನಗೌಡರ ಹೆಸರು ಅದಕ್ಕೆ ಸಾಕ್ಷಿ. ಇಲ್ಲಿ ಗೌಡ ಎಂದ ಮಾತ್ರಕ್ಕೆ ಒಕ್ಕಲಿಗ ಎಂದು ಮೈಸೂರು–ಹಾಸನದ ಕಡೆಯವರು ಮಾಡುವ ಲೆಕ್ಕ ತಪ್ಪುತ್ತದೆ. ದಾವಣಗೆರೆ ಸೀಮೆಯಲ್ಲಿ ಗೌಡಿಕೆ ಬಹುಮಟ್ಟಿಗೆ ಲಿಂಗಾಯತ ಮನೆಗಳದು, ಕೆಲವು ಕಡೆ ಬೇರೆಯವರದು. ಪಟೇಲ ಅಂತೂ ಯಾವ ಜಾತಿಗೂ ಗಂಟು ಬಿದ್ದದ್ದಲ್ಲ: ಗುಜರಾತಿನಲ್ಲಿ ಪಾಟೀದಾರರು, ಭರೂಚ್ ಕಡೆಯ ಮುಸ್ಲಿಮರು, ಮುಂಬಯಿಯ ಪಾರ್ಸಿಗಳು ಎಲ್ಲರಲ್ಲೂ ಪಟೇಲರಿದ್ದಾರೆ.

ಸಂಖ್ಯೆಯ ಮಾತಿಗೆ ಬಂದರೆ ಜಗತ್ತಿನ ಪಟೇಲರಲ್ಲಿ ಬಹುಪಾಲು ಗುಜರಾತಿನವರು. ಪೂರ್ವ ಆಫ್ರಿಕ, ಬ್ರಿಟನ್, ಅಮೆರಿಕಗಳಿಗೆ ಹೋದ ಅವರಿಂದಾಗಿ 2010ರ ಅಮೆರಿಕದ ಜನಗಣತಿಯಲ್ಲಿ ಪಟೇಲ್ ಅಲ್ಲಿನ ಮೊದಲ ನೂರು ಅಡ್ಡಹೆಸರುಗಳಲ್ಲಿ ಒಂದಾಯಿತು. ಹೀಗಾಗಿ ಚನ್ನಗಿರಿಯ ಪಟೇಲ್ ಬೆಂಗಳೂರಿಗೆ ಬಂದರೂ ‘ನೀವು ಗುಜರಾತಿನವರಾ?’ ಎಂಬ ಪ್ರಶ್ನೆಗೆ ತಯಾರಿರಬೇಕು. ಕರ್ನಾಟಕ ತಂಡದ ಪ್ರಸಿದ್ಧ ಬ್ಯಾಟ್ಸ್‌ಮನ್ ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡದಲ್ಲಿ. ಒಂದು ಕಾಲದ ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಪಟೇಲ್ ಬೇರೆ, ಕಬ್ಬನ್ ಉದ್ಯಾನದ ಆಚೆಗಿನ ವಿಧಾನಸೌಧದ ಪಟೇಲ್ ಬೇರೆ.

ಜೊತೆಗಾರ ಹೆಸರುಗಳು

ಪಟೇಲನ ಕೈಕೆಳಗಿನವರ ಹೆಸರುಗಳಿಗೆ ಇಷ್ಟು ಸುಖದ ಬಾಳಿಲ್ಲ. ತಳವಾರ ಹುದ್ದೆಯೂ ಹೌದು, ಅಡ್ಡಹೆಸರೂ ಹೌದು, ಸಮುದಾಯದ ಹೆಸರೂ ಹೌದು. 2020ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ನಾಯಕದ ಜೊತೆ ಪರಿವಾರ, ತಳವಾರ ಸೇರಿದ ಮೇಲೆ, ಹೆಸರಿನ ಕೊನೆಗೆ ತಳವಾರ ಎಂದಿರುವವರೆಲ್ಲ ಆ ಪಂಗಡದವರೇ ಅಲ್ಲವೇ ಎಂಬುದು ಪ್ರಮಾಣಪತ್ರ ಕೊಡುವ ತಹಶೀಲ್ದಾರರ ಮೇಜಿನ ಮೇಲೆ ದೊಡ್ಡ ಜಗಳವಾಯಿತು. ಹುದ್ದೆಯ ಹೆಸರಿನಿಂದ ಜಾತಿ ಹೇಳಲಾಗದು ಎನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ; ಕಾನೂನಿಗೆ ಮಾತ್ರ ಪುರಾವೆ ಬೇಕೇ ಬೇಕು.

ನಾಯಕ, ನಾಯ್ಕ ಇನ್ನೊಂದು ತೊಡಕು. ಸಂತೇಬೆನ್ನೂರಿನ ಪುಷ್ಕರಣಿ ಕಟ್ಟಿಸಿದ ಕೆಂಗ ಹನುಮಂತಪ್ಪ ನಾಯಕ ಹದಿನಾರನೆಯ ಶತಮಾನದ ಪಾಳೆಯಗಾರ. ಅದೇ ಸೀಮೆಯ ತಾಂಡಾಗಳಲ್ಲಿ ನಾಯ್ಕ 
ಎಂದರೆ ಲಂಬಾಣಿ ಮುಖಂಡ. ತಾಂಡಾ ಎಂದರೆ ಅಲ್ಲಿ ನಾಯ್ಕ, ಡಾವ, ಕಾರಭಾರಿ ಇರಲೇಬೇಕು. ಲಂಬಾಣಿಗಳು ಕುಲಗುರುವೆಂದು ನಡೆದುಕೊಳ್ಳುವ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಫೆಬ್ರವರಿಯ ಜಯಂತಿಗೆ ಅಲ್ಲಿ ಸೇರುವ ಜನಜಂಗುಳಿಯಲ್ಲಿ ಹೆಸರುಗಳ ಗಡಿ ಕಣ್ಣಿಗೆ ಹೊಡೆಯುವಂತಿರುತ್ತದೆ: ಉತ್ತರದಿಂದ, ಮಹಾರಾಷ್ಟ್ರದಿಂದ ಬಂದವರು ರಾಠೋಡ, ಚವ್ಹಾಣ, ಪವಾರ, ಜಾಧವ, ಶಿವಮೊಗ್ಗ–ದಾವಣಗೆರೆಯವರು ಹೆಚ್ಚಾಗಿ ಏನೋ ಒಂದು ನಾಯ್ಕ. ಮೊದಲಿನವು ಗೋತ್ರದ ಹೆಸರುಗಳು, ಎರಡನೆಯದು ಮುಖಂಡಿಕೆಯದು. ತಾಂಡಾಕ್ಕೊಬ್ಬನೇ ಇದ್ದ ನಾಯ್ಕ ಮೈಸೂರಿನ ಕಾಗದದಲ್ಲಿ ಮನೆಮನೆಗೂ ಒಬ್ಬನಾದ. ಪಟೇಲ ಹೀಗೆ ಆಗಲಿಲ್ಲ. ಆ ಹೆಸರನ್ನು ಊರಿನ ಒಂದೇ ಮನೆ ಕಾಯ್ದುಕೊಂಡಿತು. ಹಾಗಾಗಿಯೇ ಅದು ಈ ಸೀಮೆಯಲ್ಲಿ ಎಲ್ಲ ಕಡೆ ಇದ್ದೂ ಎಲ್ಲಿಯೂ ಹೆಚ್ಚು ಇಲ್ಲದ ಹೆಸರು.

ಶಾನುಭೋಗರದು ಅಡ್ಡಹೆಸರಾಗಿ ಕರಾವಳಿಯಲ್ಲಿ, ಅದರಲ್ಲೂ ಕೊಂಕಣಿ ಮನೆಗಳಲ್ಲಿ ಉಳಿದಷ್ಟು ಇಲ್ಲಿ ಉಳಿಯಲಿಲ್ಲ. ಆ ಮನೆಗಳ ಮಕ್ಕಳು ಬೇಗ ಊರು ಬಿಟ್ಟರು.

ರದ್ದಾದ ಮೇಲೆ

ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿ ಚಾಕರಿ ಎಲ್ಲ ಒಟ್ಟಿಗೆ ಹೋದವು. ಇನಾಂ ಜಮೀನು ಮೊದಲು ಸರ್ಕಾರಕ್ಕೆ ಸೇರಿ, ಆಮೇಲೆ ಗೊತ್ತುಪಡಿಸಿದ ಹಣ ಕಟ್ಟಿಸಿಕೊಂಡು ಹುದ್ದೆಯವರಿಗೇ ಮರುಮಂಜೂರಾಗಬೇಕಿತ್ತು. ಪಟೇಲರಲ್ಲಿ ಕಾಗದ ಬಲ್ಲವರು ಬೇಗ ಅರ್ಜಿ ಹಾಕಿದರು. ತೋಟಿ, ತಳವಾರರಲ್ಲಿ ಎಷ್ಟೋ ಜನರಿಗೆ ಮರುಮಂಜೂರಾತಿಯ ವಿಷಯ ತಿಳಿಯುವ ಹೊತ್ತಿಗೆ ಹೊಲ ಪರರ ಉಳುಮೆಯಲ್ಲಿತ್ತು. 1978ರ ತಿದ್ದುಪಡಿ ಮರುಮಂಜೂರಾದ ಜಮೀನನ್ನು ಹದಿನೈದು ವರ್ಷ ಮಾರಕೂಡದು ಎಂದದ್ದು ಈ ಅನುಭವದಿಂದ. ಪಹಣಿ, ಮ್ಯುಟೇಶನ್ ವ್ಯಾಜ್ಯಗಳಲ್ಲಿ ‘ಪಟೇಲ ಇನಾಂ’, ‘ತೋಟಿ ಇನಾಂ’ ಎಂಬ ಮಾತುಗಳು ಇಂದಿಗೂ ತಲೆ ಎತ್ತುತ್ತವೆ. ಊರಿಗೆ ಗ್ರಾಮ ಲೆಕ್ಕಿಗರು ಬಂದರು. ಅವರ ಹುದ್ದೆಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು. ವರ್ಗವಾಗಿ ಹೋಗುವ ಈ ನೌಕರಿಯಿಂದ ಅಡ್ಡಹೆಸರು ಹುಟ್ಟುವ ಸಂಭವವಿಲ್ಲ.

ನೆರೆಯ ಆಂಧ್ರದಲ್ಲಿ ಪಟೇಲ್–ಪಟ್ವಾರಿ, ಮುನಸಬು–ಕರಣಂ ವ್ಯವಸ್ಥೆಯನ್ನು ಎನ್.ಟಿ. ರಾಮರಾವ್ ಸರ್ಕಾರ 1984ರಲ್ಲಿ ಕಿತ್ತುಹಾಕಿತು. ಮಹಾರಾಷ್ಟ್ರ ಕಂದಾಯದ ಪಾಟೀಲರನ್ನು ತೆಗೆದರೂ 1967ರ ಕಾಯ್ದೆಯಡಿ ಪೊಲೀಸ್ ಪಾಟೀಲರನ್ನು ಇಟ್ಟುಕೊಂಡಿದೆ, ವಂಶದ ಹಕ್ಕು ಬಿಟ್ಟು ಅರ್ಜಿ ಹಾಕಿ ಆಯ್ಕೆಯಾಗುವ ರೂಪದಲ್ಲಿ. ಹಾಗಾಗಿ ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಕನ್ನಡ ಊರುಗಳಲ್ಲಿ ಪೊಲೀಸ್ ಪಾಟೀಲರ ಅಡ್ಡಹೆಸರು ಬೇರೇನೋ ಆಗಿದ್ದು, ಪಾಟೀಲ ಎಂಬ ಅಡ್ಡಹೆಸರಿನವರು ಅವರ ಹತ್ತಿರ ದಾಖಲೆಗೆ ಸಹಿ ಕೇಳಿಕೊಂಡು ಹೋಗುವುದೂ ಉಂಟು.

ಪಟೇಲ ಹೆಸರಿಗೆ ಈಚೆಗೆ ಹೊಸ ಗಿರಾಕಿಗಳು ಹುಟ್ಟಿಕೊಂಡದ್ದು ಪಾಸ್‌ಪೋರ್ಟಿನಿಂದ. ಅದರ ಅರ್ಜಿಯಲ್ಲಿ ಹೆಸರಿಗೊಂದು, ಅಡ್ಡಹೆಸರಿಗೊಂದು ಖಾನೆ. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬೆಂಗಳೂರಿನಿಂದ ವಿದೇಶಕ್ಕೆ ಹೊರಟ ಹೊನ್ನಾಳಿ, ಜಗಳೂರಿನ ಹುಡುಗ ಹುಡುಗಿಯರು ಆ ಖಾನೆಗೆ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬುತ್ತಾರೆ, ಆಚೆ ದೇಶದಲ್ಲಿ ಎಲ್ಲರೂ ಅವರನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಅಜ್ಜ ಪಟೇಲಿಕೆ ಮಾಡಿದ್ದ ಮನೆಯವರಿಗೆ ಈ ತಾಪತ್ರಯವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಲ್ಲದಿದ್ದ ‘ಪಟೇಲ್’ ಅನ್ನು ಮಕ್ಕಳ ಜನನಪತ್ರದಲ್ಲಿ ಬರೆಸುವವರಿದ್ದಾರೆ. ಅಣ್ಣನ ಮಕ್ಕಳು ಪಟೇಲ್ ಆಗಿ, ತಮ್ಮನ ಮಕ್ಕಳು ಎರಡು ಇನಿಷಿಯಲ್ಲಿನವರಾಗಿ ಉಳಿದ ಮನೆಗಳೂ ಇವೆ. ಬರೆಸುವಾಗ ಹೆಚ್ಚಿನವರು ಆರಿಸಿಕೊಳ್ಳುವುದು ಕೊನೆಗೆ ಅರ್ಧಾಕ್ಷರವಿರುವ ಪಟೇಲ್ ರೂಪವನ್ನೇ. ಸ್ವರಾಂತವಾದ ಪಟೇಲ ಹಳೆಯ ಸರ್ಕಾರಿ ಕಡತಗಳಲ್ಲಿ, ಇನಾಂ ಮೊಕದ್ದಮೆಗಳ ತೀರ್ಪುಗಳಲ್ಲಿ ಕಾಣುತ್ತದೆ.